ಹತ್ತನೆಯ ಬಾಗಿಲಿನಾಚೆಯ ಬೀದಿ

ಪ್ರಶ್ನೆ: ‘ಎಸ್ಕೇಪ್ ಫ್ರಮ್ ಪ್ರಿಟೋರಿಯಾ’ ಚಿತ್ರವನ್ನು ಇತ್ತೀಚೆಗೆ ನೋಡಿದೆ. ದಕ್ಷಿಣ ಆಫ್ರಿಕಾದ ವರ್ಣಭೇದ ನೀತಿಯ ವಿರುದ್ಧದ ಹೋರಾಟದ ಕಥೆ ಅದು. ಆದರೆ ಜೈಲಿನಿಂದ ತಪ್ಪಿಸಿಕೊಳ್ಳುವ ಮೂವರೂ ಬಿಳಿಯರು. ಕಪ್ಪು ಜನರು ಅಂಚಿನಲ್ಲಿ ಬಂದು ಮರೆಯಾಗುತ್ತಾರೆ. ಉಸಿರು ಬಿಗಿಹಿಡಿದು ನೋಡಿದೆನಾದರೂ ಮುಗಿದ ಮೇಲೆ ಏನೋ ಮುಜುಗರ ಉಳಿಯಿತು. ಇದನ್ನು ರಾಜಕೀಯ ಚಿತ್ರವೆಂದು ಕರೆಯಬಹುದೇ? ಗೆಳೆಯರ ಜೊತೆ ಮತ್ತೊಮ್ಮೆ ನೋಡಿ ಚರ್ಚಿಸಬೇಕೆಂದಿದ್ದೇನೆ. ಯಾವುದರ ಕಡೆಗೆ ಗಮನ ಕೊಡಬೇಕು?

ಉತ್ತರ: ನಿಮ್ಮ ಮುಜುಗರ ಸಕಾರಣವಾದದ್ದೇ. ಆದರೆ ಅದರ ಕಾರಣ ನೀವು ಗುರುತಿಸಿದ ಜಾಗಕ್ಕಿಂತ ಸ್ವಲ್ಪ ಆಚೆಗಿದೆ ಎಂದು ನನಗನ್ನಿಸುತ್ತದೆ. ತಪ್ಪಿಸಿಕೊಂಡ ಮೂವರೂ ಬಿಳಿಯರಾಗಿರುವುದು ನಿರ್ದೇಶಕ ಫ್ರಾನ್ಸಿಸ್ ಅನ್ನಾನ್ ಅವರ ಆಯ್ಕೆಯಲ್ಲ. ಅದು ನಡೆದ ಸಂಗತಿ, ಮತ್ತು ಹಾಗೆ ನಡೆಯುವಂತೆ ಮಾಡಿದ್ದು ಆ ಜೈಲಿನ ವ್ಯವಸ್ಥೆ. ಚಿತ್ರದ ಕೊರತೆ ಇರುವುದು ಬೇರೆಡೆ. ಆ ಮೂವರ ಮೈಬಣ್ಣ ಅವರಿಗೆ ಏನನ್ನು ಕೊಟ್ಟಿತು, ಕೊನೆಯ ಬಾಗಿಲು ದಾಟಿದ ಮೇಲೂ ಏನನ್ನು ಕೊಡುತ್ತಲೇ ಇತ್ತು ಎಂಬುದನ್ನು ಚಿತ್ರ ಬಲ್ಲದು, ಆದರೂ ಅದನ್ನು ಕಣ್ಣಿಟ್ಟು ನೋಡುವುದಿಲ್ಲ. ಈ ಮಾತನ್ನು ವಿವರಿಸಲು ಮೊದಲು ಇತಿಹಾಸವನ್ನು ಒಮ್ಮೆ ನೋಡೋಣ.

ಟಿಮ್ ಜೆಂಕಿನ್ ಮತ್ತು ಸ್ಟೀಫನ್ ಲೀ ಇಬ್ಬರೂ ಬಿಳಿಯ ದಕ್ಷಿಣ ಆಫ್ರಿಕನ್ನರು. ಕೇಪ್‌ಟೌನ್ ವಿಶ್ವವಿದ್ಯಾಲಯದಲ್ಲಿ ಪರಿಚಯವಾದವರು. 1974ರಲ್ಲಿ ಲಂಡನ್‌ಗೆ ಹೋಗಿ, ದೇಶದೊಳಗೆ ನಿಷೇಧಕ್ಕೊಳಗಾಗಿದ್ದ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿಗೆ (ಎಎನ್‌ಸಿ) ಸೇರಿ, ತರಬೇತಿ ಪಡೆದು ಹಿಂತಿರುಗಿದರು. ಅವರ ಕೆಲಸ ಕರಪತ್ರ ಹಂಚುವುದಾಗಿತ್ತು. ಜನನಿಬಿಡ ಬೀದಿಯಲ್ಲಿ ಇಟ್ಟುಹೋದ ಪುಟ್ಟ ಸಾಧನವೊಂದು ಹೊತ್ತಿಗೆ ಸರಿಯಾಗಿ ಸಿಡಿದು, ಯಾರಿಗೂ ಗಾಯವಾಗದಂತೆ ಕಾಗದಗಳನ್ನು ಆಕಾಶಕ್ಕೆ ಚಿಮ್ಮಿಸುತ್ತಿತ್ತು. ಚಿತ್ರವೂ ಇಂಥದೇ ಒಂದು ಸಿಡಿತದಿಂದ ಆರಂಭವಾಗುತ್ತದೆ. 1978ರ ಮಾರ್ಚ್‌ನಲ್ಲಿ ಇಬ್ಬರ ಬಂಧನವಾಯಿತು. ಜೂನ್‌ನಲ್ಲಿ ಜೆಂಕಿನ್‌ಗೆ 12 ವರ್ಷ, ಲೀಗೆ 8 ವರ್ಷ ಶಿಕ್ಷೆಯಾಯಿತು. ಅದಾಗಿ ಒಂದೂವರೆ ವರ್ಷದಲ್ಲಿ, 1979ರ ಡಿಸೆಂಬರ್ 11ರ ಸಂಜೆ, ಅಲೆಕ್ಸ್ ಮೂಂಬಾರಿಸ್ ಎಂಬ ಸಹಕೈದಿಯೊಡನೆ ಅವರು ಮರದ ಕೀಲಿಕೈಗಳಿಂದ ಒಂದರ ಹಿಂದೆ ಒಂದರಂತೆ ಬಾಗಿಲುಗಳನ್ನು ತೆರೆದುಕೊಂಡು ಪ್ರಿಟೋರಿಯಾದ ಬೀದಿಗೆ ನಡೆದುಬಂದರು. ಜೆಂಕಿನ್ ಸ್ವತಃ ಬರೆದ ನೆನಪಿನ ಪುಸ್ತಕವೇ 2020ರ ಈ ಚಿತ್ರಕ್ಕೆ ಆಧಾರ.

ಪ್ರಿಟೋರಿಯಾದ ಆ ವಿಭಾಗದಲ್ಲಿದ್ದವರೆಲ್ಲ ಬಿಳಿಯ ರಾಜಕೀಯ ಕೈದಿಗಳೇ, ಏಕೆಂದರೆ ವರ್ಣಭೇದ ನೀತಿ ಜೈಲಿನ ಹೆಬ್ಬಾಗಿಲಲ್ಲಿ ನಿಲ್ಲುತ್ತಿರಲಿಲ್ಲ. ಇದು ಚೆನ್ನಾಗಿ ಮನವರಿಕೆಯಾಗಬೇಕಾದರೆ ಎಎನ್‌ಸಿ ನಾಯಕರು ಮತ್ತು ಅವರ ಸಂಗಾತಿಗಳ ಮೇಲೆ ನಡೆದ 1964ರ ರಿವೋನಿಯಾ ಮೊಕದ್ದಮೆಯನ್ನು ನೆನೆಯಬೇಕು. ಒಂದೇ ಕಟಕಟೆಯಲ್ಲಿ ನಿಂತು, ಒಂದೇ ದಿನ, ಒಬ್ಬನೇ ನ್ಯಾಯಾಧೀಶನಿಂದ ಎಂಟು ಮಂದಿ ಜೀವಾವಧಿ ಶಿಕ್ಷೆ ಪಡೆದರು. ನೆಲ್ಸನ್ ಮಂಡೇಲಾ, ವಾಲ್ಟರ್ ಸಿಸುಲು, ಅಹ್ಮದ್ ಕತ್ರಾಡಾ ಸೇರಿದಂತೆ ಏಳು ಮಂದಿಯನ್ನು ವಿಮಾನದಲ್ಲಿ ಕೇಪ್‌ಟೌನ್ ಬಳಿಯ ರಾಬೆನ್ ದ್ವೀಪದ ಜೈಲಿಗೆ ಸಾಗಿಸಲಾಯಿತು. ಎಂಟನೆಯವರಾದ ಡೆನಿಸ್ ಗೋಲ್ಡ್‌ಬರ್ಗ್ ಬಿಳಿಯರಾಗಿದ್ದ ಒಂದೇ ಕಾರಣಕ್ಕೆ ಪ್ರಿಟೋರಿಯಾದಲ್ಲಿ ಉಳಿದರು. ಯಾವ ಸಂಗಾತಿಗಳ ಜೊತೆ ಸಾಯಲೂ ಸಿದ್ಧರಾಗಿದ್ದರೋ ಅವರ ಜೊತೆ ಶಿಕ್ಷೆ ಅನುಭವಿಸುವ ಅವಕಾಶ ಅವರಿಗೆ ಸಿಗಲಿಲ್ಲ. ಅತ್ತ ದ್ವೀಪದಲ್ಲಿ ಉಳಿದ ಏಳು ಮಂದಿಯ ನಡುವೆಯೂ ಗೆರೆ ಎಳೆಯಲಾಗಿತ್ತು. ಮಂಡೇಲಾ ಮತ್ತು ಇತರ ಆಫ್ರಿಕನ್ನರಿಗೆ ಹುಡುಗರು ತೊಡುವಂಥ ಮೊಣಕಾಲುದ್ದದ ಚಡ್ಡಿ. ಭಾರತೀಯ ಮೂಲದ ಕತ್ರಾಡಾ ಅವರಿಗೆ ಉದ್ದ ಪ್ಯಾಂಟು. ಕತ್ರಾಡಾ ಅವರಿಗೆ ಬ್ರೆಡ್ಡು ಸಿಗುತ್ತಿತ್ತು, ಆಫ್ರಿಕನ್ ಕೈದಿಗಳಿಗೆ ಇಲ್ಲ. ಒಂದೇ ಅಪರಾಧ, ಒಂದೇ ತೀರ್ಪು. ಆದರೆ ಉಡುಪು ಬೇರೆ, ತಟ್ಟೆ ಬೇರೆ, ಸೆರೆಮನೆಯೇ ಬೇರೆ. 1950ರ ಜನಸಂಖ್ಯಾ ನೋಂದಣಿ ಕಾಯಿದೆ ಪ್ರತಿಯೊಬ್ಬರನ್ನೂ ಒಂದು ಜನಾಂಗದ ಹೆಸರಿನಡಿ ಬರೆದಿಟ್ಟಿತ್ತು. ಆ ಬರಹವನ್ನು ಧಿಕ್ಕರಿಸಿ ಜೈಲು ಸೇರಿದವರನ್ನು ಒಳಗೆ ವಿಂಗಡಿಸಿದ್ದೂ ಅದೇ ಬರಹವೇ.

ಹೀಗಾಗಿ, ಈ ಚಿತ್ರದಲ್ಲಿ ಬರೀ ಬಿಳಿಯರೇ ಏಕೆ ಎಂದು ಕೇಳುವವರಿಗೆ, ಆ ಸರ್ಕಾರವೇ ಹಾಗೆ ಕಟ್ಟಿತ್ತು ಎಂಬುದು ಮೊದಲ ಉತ್ತರ. ಇದನ್ನು ಚಿತ್ರದೊಳಗೇ ಹೇಳಲು ಬೇಕಾದಷ್ಟು ಜಾಗವಿತ್ತು. ಗೋಲ್ಡ್‌ಬರ್ಗ್ ಅದರಲ್ಲಿ ಒಂದು ಮುಖ್ಯ ಪಾತ್ರ. ಇಯಾನ್ ಹಾರ್ಟ್ ಆ ಪಾತ್ರವನ್ನು ತೂಕದಿಂದ ನಿರ್ವಹಿಸಿದ್ದಾರೆ. ಆದರೆ ಈ ಮನುಷ್ಯ ಅಲ್ಲಿ ಏಕಿದ್ದಾನೆ, ಅವನ ಜೊತೆ ಶಿಕ್ಷೆಯಾದವರು ಎಲ್ಲಿದ್ದಾರೆ ಎಂಬ ಸಂಗತಿ ತನ್ನ ಪೂರ್ಣ ಭಾರದೊಡನೆ ಪ್ರೇಕ್ಷಕನ ಮೇಲೆ ಬೀಳುವುದಿಲ್ಲ. ಆ ಭಾರ ಬಿದ್ದಿದ್ದರೆ ಪರದೆಯ ಮೇಲೆ ಕಪ್ಪು ಕೈದಿಗಳಿಲ್ಲದಿರುವುದೇ ಒಂದು ಆರೋಪಪಟ್ಟಿಯಾಗುತ್ತಿತ್ತು. ಈಗ ಅದು ಬರಿಯ ಗೈರುಹಾಜರಿಯಂತೆ ಕಾಣುತ್ತದೆ, ನಿಮಗೂ ಹಾಗೆಯೇ ಕಂಡಿದೆ.

ನಿಮ್ಮ ಆಕ್ಷೇಪಕ್ಕೆ ಇನ್ನೊಂದು ಆಳದ ನೆಲೆಯೂ ಇದೆ. ಅದನ್ನು ನಾನು ಹಗುರವಾಗಿ ಕಾಣಲಾರೆ. ಜೆಂಕಿನ್ ಮತ್ತು ಲೀ ಕರಪತ್ರ ಹಂಚುತ್ತಿದ್ದ ವರ್ಷಗಳಲ್ಲೇ ಸ್ಟೀವ್ ಬಿಕೊ ನೇತೃತ್ವದ ಕಪ್ಪು ಪ್ರಜ್ಞೆಯ ಚಳವಳಿ ಒಂದು ನಿಷ್ಠುರವಾದ ಮಾತನ್ನು ಮುಂದಿಟ್ಟಿತ್ತು: ಕಪ್ಪು ಜನರ ಪರವಾಗಿ ಮಾತಾಡುವ ಬಿಳಿಯ ಉದಾರವಾದಿ ಎಷ್ಟೇ ಪ್ರಾಮಾಣಿಕನಾಗಿರಲಿ, ಅವನ ಬಾಯಿ ತೆರೆದಷ್ಟೂ ಇವರ ಬಾಯಿ ಮುಚ್ಚುತ್ತದೆ, ಬಿಡುಗಡೆಯ ಭಾಷೆಯನ್ನು ತುಳಿತಕ್ಕೊಳಗಾದವರೇ ಕಟ್ಟಿಕೊಳ್ಳಬೇಕು. ಬಿಕೊ 1977ರ ಸೆಪ್ಟೆಂಬರ್ 12ರಂದು ಪೊಲೀಸ್ ವಶದಲ್ಲಿ, ಇದೇ ಪ್ರಿಟೋರಿಯಾದಲ್ಲಿ ಪ್ರಾಣಬಿಟ್ಟರು. ಎಎನ್‌ಸಿಯ ದಾರಿ ಇದಕ್ಕಿಂತ ಭಿನ್ನವಾಗಿತ್ತು. ದಕ್ಷಿಣ ಆಫ್ರಿಕಾ ಅಲ್ಲಿ ಬದುಕುವ ಕಪ್ಪು ಮತ್ತು ಬಿಳಿಯ ಜನರೆಲ್ಲರದು ಎಂಬುದು 1955ರ ಸ್ವಾತಂತ್ರ್ಯ ಸನ್ನದಿನ ಘೋಷಣೆ. ಈ ಮಾತಿನ ಕುರಿತ ಭಿನ್ನಾಭಿಪ್ರಾಯದಿಂದಲೇ 1959ರಲ್ಲಿ ಒಂದು ಗುಂಪು ಹೊರಬಿದ್ದು ಪ್ಯಾನ್ ಆಫ್ರಿಕನಿಸ್ಟ್ ಕಾಂಗ್ರೆಸ್ ಕಟ್ಟಿತು. ಎಎನ್‌ಸಿ ಕೂಡ ಈ ವಿಷಯದಲ್ಲಿ ನಿಧಾನವಾಗಿಯೇ ಹೆಜ್ಜೆಯಿಟ್ಟಿತು. ಆಫ್ರಿಕನ್ನರಲ್ಲದವರಿಗೆ ಸದಸ್ಯತ್ವ ತೆರೆದದ್ದು 1969ರ ಮೊರೊಗೊರೊ ಸಮ್ಮೇಳನದಲ್ಲಿ. ಅವರು ರಾಷ್ಟ್ರೀಯ ಕಾರ್ಯಕಾರಿ ಸಮಿತಿಗೆ ಬರಬಹುದೆಂದು ತೀರ್ಮಾನವಾದದ್ದು 1985ರ ಕಾಬ್ವೆ ಸಮ್ಮೇಳನದಲ್ಲಿ. ಅಂದರೆ ಜೆಂಕಿನ್ ಸೇರಿದ ಸಂಘಟನೆ ಅವರನ್ನು ಸಂಗಾತಿಯೆಂದು ಒಪ್ಪಿಕೊಂಡಿತ್ತು; ಮುಂದಾಳತ್ವ ಯಾರ ಕೈಯಲ್ಲಿರಬೇಕೆಂಬ ಬಗ್ಗೆ ಮಾತ್ರ ಸ್ಪಷ್ಟವಾಗಿತ್ತು. ಆ ಶಿಸ್ತಿಗೆ ಒಳಪಟ್ಟು ಸೇರಿದ ಬಿಳಿಯ ಯುವಕ ಬಿಕೊ ಟೀಕಿಸಿದ ಉದಾರವಾದಿಯಲ್ಲ. ಚಿತ್ರ ಈ ವ್ಯತ್ಯಾಸವನ್ನು ಹೇಳಿದ್ದರೆ ಜೆಂಕಿನ್ ಅವರ ಪಾತ್ರಕ್ಕೆ ಎಷ್ಟೋ ಹೆಚ್ಚಿನ ಗೌರವ ಸಲ್ಲುತ್ತಿತ್ತು. ಡೇನಿಯಲ್ ರಾಡ್‌ಕ್ಲಿಫ್ ಅಭಿನಯಿಸಿದ ಜೆಂಕಿನ್ ತನ್ನ ಮನಸ್ಸಾಕ್ಷಿಗೆ ಉತ್ತರಿಸುವ ಒಂಟಿ ವೀರನಂತೆ ಕಾಣುತ್ತಾನೆ. ಒಂದು ಸಂಘಟನೆಗೆ ಉತ್ತರಿಸಬೇಕಾದವನಂತೆ ಕಾಣುವುದು ಕಡಿಮೆ.

ಇದಕ್ಕೆ ಒಂದು ಕಾರಣ ಜೈಲು ಮುರಿಯುವ ಕಥೆಗಳ ಸ್ವಭಾವದಲ್ಲೇ ಇದೆ. ಈ ಪ್ರಕಾರದ ಚಿತ್ರಗಳಲ್ಲಿ ಪ್ರೇಕ್ಷಕನನ್ನು ಕೈದಿಯ ಪಕ್ಷಕ್ಕೆ ಸೆಳೆಯಲು ಸಿದ್ಧಾಂತ ಬೇಕಿಲ್ಲ. ಒಂದು ಬೀಗ ಮತ್ತು ಹತ್ತಿರವಾಗುತ್ತಿರುವ ಬೂಟಿನ ಸದ್ದು ಸಾಕು. ಜೆಂಕಿನ್ ಅವರ ಕೈಚಳಕವಂತೂ ಎಂಥವರನ್ನೂ ಮರುಳುಮಾಡುವಂಥದು. ಕಾವಲುಗಾರರ ಸೊಂಟದಲ್ಲಿ ತೂಗುವ ಕೀಲಿಕೈಗಳನ್ನು ಕಣ್ಣಳತೆಯಲ್ಲೇ ನೆನಪಿಟ್ಟುಕೊಂಡು, ಜೈಲಿನ ಮರಗೆಲಸದ ಕಾರ್ಖಾನೆಯಲ್ಲಿ ಸಿಗುವ ಮರದ ತುಂಡಿನಿಂದ ಅವರು ಪ್ರತಿಗಳನ್ನು ಕೆತ್ತಿದರು. ಕೊಠಡಿಗೆ ಎರಡು ಬಾಗಿಲು: ಒಳಗಡೆ ಸರಳಿನದು, ಹೊರಗಡೆ ಉಕ್ಕಿನದು. ಸರಳಿನ ಬಾಗಿಲಿನ ಬೀಗಕ್ಕೆ ಒಳಗಿನಿಂದ ಕೈ ಎಟುಕುತ್ತಿತ್ತು. ಉಕ್ಕಿನ ಬಾಗಿಲಿನ ಕೀಲಿರಂಧ್ರವಾದರೋ ಹೊರಗಿನ ಓಣಿಯ ಕಡೆಗೆ ಮಾತ್ರ ಇತ್ತು. ಅದಕ್ಕಾಗಿ ಕಸಬರಿಗೆಯ ಕೋಲಿನ ತುದಿಗೆ ತಿರುಗುವ ಹಿಡಿಯೊಂದನ್ನು ಜೋಡಿಸಿ, ಓಣಿಗೆ ತೆರೆಯುವ ಕಿಟಕಿಯಿಂದ ಅದನ್ನು ಹೊರಚಾಚಿ, ಕೋಲಿನ ಇನ್ನೊಂದು ತುದಿಯಲ್ಲಿ ಸಿಕ್ಕಿಸಿದ ಮರದ ಕೀಲಿಕೈಯನ್ನು ಕಾಣದ ರಂಧ್ರಕ್ಕೆ ತೂರಿಸಿ ತಿರುಗಿಸಬೇಕಿತ್ತು. ಈ ದೃಶ್ಯಗಳನ್ನು ಅನ್ನಾನ್ ಬಹಳ ತಾಳ್ಮೆಯಿಂದ, ಮಾತಿಲ್ಲದೆ, ಮರ ಲೋಹಕ್ಕೆ ಉಜ್ಜುವ ಸದ್ದನ್ನೇ ನೆಚ್ಚಿಕೊಂಡು ಕಟ್ಟಿದ್ದಾರೆ. ಚಿತ್ರ ಅತ್ಯಂತ ಗೆದ್ದಿರುವುದೂ ಇಲ್ಲಿಯೇ, ರಾಜಕೀಯವಾಗಿ ತೆಳುವಾಗಿರುವುದೂ ಇಲ್ಲಿಯೇ. ಕೀಲಿಕೈ ತಿರುಗುವಾಗ ನಮ್ಮ ಪ್ರಾರ್ಥನೆ ಅದು ಮುರಿಯದಿರಲಿ ಎಂಬುದಷ್ಟೇ. ಇವನು ಯಾವ ಕಾರಣಕ್ಕೆ ಒಳಗಿದ್ದಾನೆ ಎಂಬುದು ಆ ಕ್ಷಣಕ್ಕೆ ಮರೆತುಹೋಗುತ್ತದೆ. ಅವನ ಜಾಗದಲ್ಲಿ ಒಬ್ಬ ದರೋಡೆಕೋರನಿದ್ದರೂ ನಮ್ಮ ಎದೆ ಅಷ್ಟೇ ಜೋರಾಗಿ ಬಡಿಯುತ್ತಿತ್ತು.

ನನ್ನ ಮುಖ್ಯವಾದ ತಕರಾರು ಇನ್ನು ಮುಂದಿನದು. ಚಿತ್ರದಲ್ಲಿ ಹತ್ತನೆಯ ಬಾಗಿಲಿಗೆ ಯಾವ ಕೀಲಿಕೈಯೂ ಹೊಂದುವುದಿಲ್ಲ. ಅವರು ಬೀಗದ ಸುತ್ತಲಿನ ಚೌಕಟ್ಟನ್ನೇ ಕೆತ್ತಿ ಒಡೆದು ಹೊರಬರುತ್ತಾರೆ. ಸಂಜೆಯ ಬೀದಿ ಎದುರಾಗುತ್ತದೆ, ಮೂವರೂ ಟ್ಯಾಕ್ಸಿಯೊಂದನ್ನು ಹಿಡಿದು ದೂರವಾಗುತ್ತಾರೆ. ಅಲ್ಲಿಗೆ ಉದ್ವೇಗ ಇಳಿದುಹೋಗುತ್ತದೆ. ಯಾವ ಊರಿನಲ್ಲಿ ಆ ಬೀದಿಯಿದೆ ಎಂಬುದನ್ನು ಒಮ್ಮೆ ಯೋಚಿಸಿ ನೋಡಿ. 1952ರ ಕಾಯಿದೆಯ ಪ್ರಕಾರ ಹದಿನಾರು ದಾಟಿದ ಪ್ರತಿಯೊಬ್ಬ ಆಫ್ರಿಕನ್ ವ್ಯಕ್ತಿಯೂ ಪಾಸ್ ಪುಸ್ತಕವನ್ನು ಸದಾ ಬಳಿಯಲ್ಲಿಟ್ಟುಕೊಂಡಿರಬೇಕಿತ್ತು. ಅವನು ಯಾರು, ಯಾರಲ್ಲಿ ಕೆಲಸಕ್ಕಿದ್ದಾನೆ, ಈ ನಗರದಲ್ಲಿ ಇರಲು ಅವನಿಗೆ ಅನುಮತಿಯಿದೆಯೇ ಎಂಬುದೆಲ್ಲ ಅದರಲ್ಲಿರಬೇಕು. ಯಾವ ಪೊಲೀಸನಾದರೂ ಯಾವ ತಿರುವಿನಲ್ಲಾದರೂ ಕೇಳಬಹುದಿತ್ತು; ತೋರಿಸಲು ಇಲ್ಲದಿದ್ದರೆ ಅಲ್ಲಿಯೇ ಬಂಧನ. ಬಿಳಿಯರನ್ನು ಯಾರೂ ಹಾಗೆ ಕೇಳುವಂತಿರಲಿಲ್ಲ. ಆದ್ದರಿಂದ ಕಪ್ಪು ಕೈದಿಯೊಬ್ಬ ಇದೇ ಹತ್ತು ಬಾಗಿಲುಗಳನ್ನು ಇದೇ ಜಾಣ್ಮೆಯಿಂದ ತೆರೆದು ಬಂದಿದ್ದರೂ ಅವನ ಮುಂದೆ ಹನ್ನೊಂದನೆಯ ಬಾಗಿಲೊಂದು ಇರುತ್ತಿತ್ತು, ಅದು ಇಡೀ ನಗರದಷ್ಟು ಅಗಲವಾದದ್ದು. ಜೆಂಕಿನ್ ಮತ್ತು ಸಂಗಾತಿಗಳಿಗೆ ಆ ಬಾಗಿಲು ತಾನಾಗಿಯೇ ತೆರೆದಿತ್ತು. ಪಾದಚಾರಿ ಹಾದಿಯಲ್ಲಿ ನಡೆದುಹೋಗುವ ಮೂವರು ಬಿಳಿಯರನ್ನು ಯಾರೂ ತಿರುಗಿ ನೋಡುವುದಿಲ್ಲ.

ಇದರಿಂದ ಅವರ ಸಾಹಸಕ್ಕೆ ಕುಂದು ಬರುವುದಿಲ್ಲ. ಯಾವ ಸವಲತ್ತನ್ನು ತೊಡೆದುಹಾಕಲು ಅವರು ಹೊರಟಿದ್ದರೋ ಅದೇ ಸವಲತ್ತು ಅವರನ್ನು ಕಾಪಾಡುತ್ತಿದೆ. ಅವರಿಗೂ ಅದು ಗೊತ್ತು. ಒಬ್ಬ ಒಳ್ಳೆಯ ಚಿತ್ರಕಥಾಕಾರನಿಗೆ ಇದಕ್ಕಿಂತ ಹೆಚ್ಚಿನದೇನು ಬೇಕು? ಬಂಡೆದ್ದ ಬಿಳಿಯನ ಬದುಕಿನ ಇಡೀ ಇಕ್ಕಟ್ಟು ಆ ಕೆಲವು ಹೆಜ್ಜೆಗಳಲ್ಲಿದೆ. ಕ್ಯಾಮೆರಾ ಟ್ಯಾಕ್ಸಿಯ ಕಡೆಗೆ ಧಾವಿಸದೆ, ದಾರಿಯಲ್ಲಿ ಪಾಸ್ ತೋರಿಸುತ್ತ ನಿಂತ ಯಾರೋ ಒಬ್ಬನ ಬಳಿ ಒಂದು ಗಳಿಗೆ ತಂಗಿದ್ದರೂ ಚಿತ್ರ ಬೇರೆಯೇ ಎತ್ತರಕ್ಕೆ ಹೋಗುತ್ತಿತ್ತು. ಇತಿಹಾಸದಲ್ಲಿ ಇದಕ್ಕೆ ಹತ್ತಿರದ ಇನ್ನೊಂದು ಪ್ರಸಂಗವಿದೆ. 1963ರ ಆಗಸ್ಟ್‌ನಲ್ಲಿ ಜೋಹಾನ್ಸ್‌ಬರ್ಗ್‌ನ ಮಾರ್ಷಲ್ ಸ್ಕ್ವೇರ್ ಪೊಲೀಸ್ ಠಾಣೆಯಿಂದ ಆರ್ಥರ್ ಗೋಲ್ಡ್‌ರೈಕ್, ಹೆರಾಲ್ಡ್ ವೋಲ್ಪೆ ಎಂಬ ಇಬ್ಬರು ಬಿಳಿಯರೂ, ಮೋಸಿ ಮೂಲ್ಲಾ, ಅಬ್ದುಲ್ಹೈ ಜಸ್ಸತ್ ಎಂಬ ಭಾರತೀಯ ಮೂಲದ ಇಬ್ಬರೂ ಒಬ್ಬ ಎಳೆಯ ಕಾವಲುಗಾರನನ್ನು ಒಲಿಸಿಕೊಂಡು ಒಟ್ಟಿಗೆ ಪಾರಾದರು. ಹೊರಗೆ ಬಂದೊಡನೆ ಅವರ ದಾರಿಗಳು ಬೇರೆಯಾದವು. ಗೋಲ್ಡ್‌ರೈಕ್ ಮತ್ತು ವೋಲ್ಪೆ ಪಾದ್ರಿಗಳ ವೇಷ ತೊಟ್ಟು ನೆರೆಯ ಸ್ವಾಜಿಲೆಂಡ್ ಸೇರಿದರು. ಅಂದಿನ ದಕ್ಷಿಣ ಆಫ್ರಿಕಾದಲ್ಲಿ ಆ ವೇಷದ ಗೌರವ ಬಿಳಿಯ ಮುಖಕ್ಕೆ ಸಿಗುವಷ್ಟು ಸುಲಭವಾಗಿ ಬೇರೆ ಮುಖಕ್ಕೆ ಸಿಗುವಂತಿರಲಿಲ್ಲ.

ಇದೇ ಸಂದರ್ಭದಲ್ಲಿ ಸಾಲೊಮನ್ ಮಹ್ಲಾಂಗು ಅವರನ್ನೂ ನೆನೆಯಬೇಕು. 1979ರ ಏಪ್ರಿಲ್ 6ರಂದು, ಜೆಂಕಿನ್ ತಮ್ಮ ಕೀಲಿಕೈಗಳನ್ನು ಸಿದ್ಧಪಡಿಸುತ್ತಿದ್ದ ವರ್ಷದಲ್ಲೇ, ಅದೇ ಪ್ರಿಟೋರಿಯಾದ ಗಲ್ಲುಗಂಬದಲ್ಲಿ ಇಪ್ಪತ್ತೆರಡು ವರ್ಷದ ಆ ಎಎನ್‌ಸಿ ಹೋರಾಟಗಾರನನ್ನು ನೇಣಿಗೇರಿಸಲಾಯಿತು. ಆರೋಪಗಳು ಒಂದೇ ಅಲ್ಲ, ನಿಜ: ಮಹ್ಲಾಂಗು ಅವರ ಪ್ರಕರಣದಲ್ಲಿ ಗುಂಡೇಟಿನಿಂದ ಇಬ್ಬರು ಸತ್ತಿದ್ದರು, ಗುಂಡು ಹಾರಿಸಿದವರು ಅವರಲ್ಲವಾದರೂ. ಆದರೂ ಒಂದೇ ಸಂಘಟನೆಯ ಇಬ್ಬರು ಯುವಕರ ವಿಧಿಯನ್ನು ಪಕ್ಕಪಕ್ಕದಲ್ಲಿಟ್ಟು ನೋಡದೆ ಆ ಊರಿನ ಜೈಲಿನ ಕಥೆ ಪೂರ್ಣವಾಗದು. ಚಿತ್ರದಲ್ಲಿ ಈ ಸಾವಿನ ನೆರಳು ಬಿದ್ದಿದ್ದರೆ ಆ ಕೀಲಿಕೈಗಳ ಅರ್ಥವೇ ಬದಲಾಗುತ್ತಿತ್ತು.

ಚಿತ್ರದೊಳಗಿನ ನಿಜವಾದ ರಾಜಕೀಯ ಚರ್ಚೆ ಗೋಲ್ಡ್‌ಬರ್ಗ್ ಮತ್ತು ಜೆಂಕಿನ್ ನಡುವಿನದು. ಓಡಿಹೋಗುವುದೇ ಕರ್ತವ್ಯವೆಂದು ಕಿರಿಯರು ನಂಬಿದ್ದಾರೆ. ಹಿರಿಯರಿಗೆ ಒಳಗಿದ್ದುಕೊಂಡೇ ಸಾಕ್ಷಿಯಾಗಿ ನಿಲ್ಲುವುದೂ ಹೋರಾಟವೇ. ಇವರು ಓಡಿದರೆ ಉಳಿದವರ ಮೇಲೆ ಬೀಳುವ ಹೊರೆಯೂ ಅವರಿಗೆ ಗೊತ್ತು. ಕೊನೆಗೆ ಅವರು ಕಾವಲುಗಾರನ ಗಮನವನ್ನು ತನ್ನ ಕಡೆಗೆ ಸೆಳೆದು, ತಾನು ಒಳಗೇ ಉಳಿದು, ಇವರನ್ನು ಕಳಿಸಿಕೊಡುತ್ತಾರೆ. ಚಿತ್ರ ಈ ವಾದವನ್ನು ಬೇಗ ಮುಗಿಸಿಬಿಡುತ್ತದೆ, ಏಕೆಂದರೆ ತಪ್ಪಿಸಿಕೊಳ್ಳದಿದ್ದರೆ ಕಥೆಯೇ ಇಲ್ಲ. ಆದರೆ ಈ ಪ್ರಶ್ನೆ ನಿಜಜೀವನದಲ್ಲಿ ಗೋಲ್ಡ್‌ಬರ್ಗ್ ಅವರನ್ನು ಬಿಡಲಿಲ್ಲ. 1985ರಲ್ಲಿ ಅಧ್ಯಕ್ಷ ಪಿ. ಡಬ್ಲ್ಯು. ಬೋಥಾ ಅವರ ಸರ್ಕಾರ ಹಿಂಸೆಯನ್ನು ತೊರೆಯುವ ಷರತ್ತಿನ ಮೇಲೆ ಬಿಡುಗಡೆಯ ಆಸೆ ತೋರಿದಾಗ ಮಂಡೇಲಾ ನಿರಾಕರಿಸಿದರು; ಅವರ ಉತ್ತರವನ್ನು ಮಗಳು ಜಿಂಜಿ ಸೊವೆಟೊದ ಸಭೆಯಲ್ಲಿ ಓದಿದರು. ಗೋಲ್ಡ್‌ಬರ್ಗ್ ಅದೇ ವರ್ಷ ಮುಚ್ಚಳಿಕೆ ಬರೆದುಕೊಟ್ಟು, 22 ವರ್ಷಗಳ ಸೆರೆವಾಸದ ನಂತರ ಹೊರಬಂದರು, ಲಂಡನ್‌ನಲ್ಲಿ ಎಎನ್‌ಸಿಗಾಗಿ ದುಡಿಯುವುದನ್ನು ಮುಂದುವರಿಸಿದರು. ಏಳು ಮಂದಿ ಸಂಗಾತಿಗಳಿಂದ ಬೇರ್ಪಡಿಸಿ ದಶಕಗಳ ಕಾಲ ಇಟ್ಟ ಮನುಷ್ಯನ ತೀರ್ಮಾನವನ್ನು ಹೊರಗಿನಿಂದ ತೂಗಿ ನೋಡುವ ಅಧಿಕಾರ ನಮಗಿದೆಯೆಂದು ನಾನು ಭಾವಿಸುವುದಿಲ್ಲ. ಚಿತ್ರ ತೆರೆಕಂಡು ಎರಡು ತಿಂಗಳೂ ಕಳೆಯುವ ಮುನ್ನ, 2020ರ ಏಪ್ರಿಲ್ 29ರಂದು ಅವರು ತೀರಿಕೊಂಡರು.

ಗುರುತಿನ ವಿಷಯದಲ್ಲಿ ಚಿತ್ರ ಮಾಡಿದ ಒಂದು ಬದಲಾವಣೆಯನ್ನು ನಾನು ಒಪ್ಪಲಾರೆ. ಮೂರನೆಯವನಾಗಿ ತಪ್ಪಿಸಿಕೊಂಡ ಅಲೆಕ್ಸ್ ಮೂಂಬಾರಿಸ್ ಗ್ರೀಕ್ ತಂದೆತಾಯಿಗೆ ಈಜಿಪ್ಟಿನಲ್ಲಿ ಹುಟ್ಟಿದವರು, ದಕ್ಷಿಣ ಆಫ್ರಿಕಾದವರೇ ಅಲ್ಲ. ಎಎನ್‌ಸಿಯ ಸಶಸ್ತ್ರ ಹೋರಾಟಗಾರರನ್ನು ಗಡಿ ದಾಟಿಸುವ ಕೆಲಸಕ್ಕೆ ನೆರವಾಗಿ ಸಿಕ್ಕಿಬಿದ್ದು, 1973ರಲ್ಲಿ 12 ವರ್ಷದ ಶಿಕ್ಷೆ ಪಡೆದಿದ್ದರು. ತನ್ನದಲ್ಲದ ದೇಶದ, ತನ್ನದಲ್ಲದ ಬಣ್ಣದ ಜನರಿಗಾಗಿ ಜೈಲು ಸೇರಿದ ಇಂಥ ಅಂತರರಾಷ್ಟ್ರೀಯ ಹೋರಾಟಗಾರರು ಆ ಚಳವಳಿಯ ಒಂದು ದೊಡ್ಡ ಬಲ. ಚಿತ್ರ ಅವರ ಜಾಗದಲ್ಲಿ ಲೆನಾರ್ಡ್ ಫಾಂಟೈನ್ ಎಂಬ ಕಲ್ಪಿತ ಫ್ರೆಂಚ್ ಪಾತ್ರವನ್ನು ತಂದಿದೆ. ಮಗನನ್ನು ಅಪರೂಪಕ್ಕೆ ಕಾಣುವ ತಂದೆಯ ಸಂಕಟ ಆ ಪಾತ್ರಕ್ಕೆ ಚಾಲಕಶಕ್ತಿಯಾಗುತ್ತದೆ. ಆ ಸಂಕಟ ಮನಮುಟ್ಟುತ್ತದೆ, ಆದರೆ ಅದರ ಬೆಲೆಯಾಗಿ ಒಂದು ರಾಜಕೀಯ ಬದುಕು ಕಥೆಯಿಂದ ಅಳಿದುಹೋಗಿದೆ. ಹಾಗೆಯೇ ಆ ವರ್ಷಗಳಲ್ಲಿ ಅಲ್ಲಿ ಬಂಧಿಗಳಾಗಿದ್ದ ಡೇವಿಡ್ ಕಿಟ್ಸನ್, ರೇಮಂಡ್ ಸಟ್ನರ್, ಜೆರೆಮಿ ಕ್ರೋನಿನ್ ಮುಂತಾದವರ ಸಮುದಾಯವೂ ಚಿತ್ರದಲ್ಲಿ ಮುಸುಕಾಗಿದೆ.

ಹೋಲಿಕೆಗಾಗಿ ಸ್ಟೀಫನ್ ಬರ್ಕ್ ನಿರ್ದೇಶನದ ‘ಮೇಜ್’ ಎಂಬ 2017ರ ಚಿತ್ರವನ್ನು ನೋಡಬಹುದು. 1983ರ ಸೆಪ್ಟೆಂಬರ್‌ನಲ್ಲಿ ಉತ್ತರ ಐರ್ಲೆಂಡಿನ ಮೇಜ್ ಜೈಲಿನಿಂದ 38 ಮಂದಿ ರಿಪಬ್ಲಿಕನ್ ಕೈದಿಗಳು, ಅಂದರೆ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಹೋರಾಡುತ್ತಿದ್ದವರು, ತಪ್ಪಿಸಿಕೊಂಡ ಘಟನೆ ಅದರ ವಸ್ತು. ಅಲ್ಲಿ ಪಲಾಯನಕ್ಕಿಂತ ಹೆಚ್ಚಿನ ಹೊತ್ತು ಯೋಜನೆಯ ರೂವಾರಿ ಲ್ಯಾರಿ ಮಾರ್ಲಿ ಮತ್ತು ಒಬ್ಬ ವಾರ್ಡರ್ ನಡುವಿನ ಮಾತುಕತೆಗೆ ಮೀಸಲಾಗಿದೆ. ಇಬ್ಬರೂ ತಮ್ಮ ತಮ್ಮ ಸಮುದಾಯದ ಸೆರೆಯಾಳುಗಳು ಎಂಬುದು ಮಾತಿನಿಂದ ಮಾತಿಗೆ ಗೊತ್ತಾಗುತ್ತ ಹೋಗುತ್ತದೆ. ಪ್ರಿಟೋರಿಯಾದ ಚಿತ್ರದಲ್ಲಿ ಕಾವಲುಗಾರರು ಕ್ರೂರಿಗಳು, ಅಷ್ಟೇ. ತನ್ನದೇ ಬಣ್ಣದವನು ಏಕೆ ಎದುರು ನಿಂತ ಎಂಬುದು ಅರ್ಥವಾಗದೆ, ಅದನ್ನು ವೈಯಕ್ತಿಕ ದ್ರೋಹವೆಂದು ಭಾವಿಸುವ ಬಿಳಿಯ ವಾರ್ಡರನ ಒಳಗೇನಿದೆ ಎಂದು ತಿಳಿಯುವ ಆಸಕ್ತಿ ಈ ಚಿತ್ರಕ್ಕಿಲ್ಲ.

ಹಾಗಿದ್ದರೂ ಇದನ್ನು ರಾಜಕೀಯ ಚಿತ್ರವೆಂದೇ ನಾನು ಕರೆಯುತ್ತೇನೆ. ಒಂದು ಅನ್ಯಾಯದ ವ್ಯವಸ್ಥೆಯಿಂದ ಲಾಭ ಪಡೆಯುವವನಾಗಿ ಹುಟ್ಟಿದವನು ಅದರ ವಿರುದ್ಧ ನಿಂತು ತನ್ನ ಯೌವನವನ್ನು ಪಣಕ್ಕಿಡಬಹುದು ಎಂಬುದನ್ನು ಅದು ಸಾವಿರಾರು ಎಳೆಯರಿಗೆ ತಲುಪಿಸಿದೆ. ಜೆಂಕಿನ್ ಅಲ್ಲಿಗೆ ನಿಲ್ಲಲಿಲ್ಲ ಎಂಬುದೂ ಮುಖ್ಯ: 1980ರ ದಶಕದ ಕೊನೆಗೆ ಎಎನ್‌ಸಿಯ ‘ಆಪರೇಷನ್ ವೂಲಾ’ ಎಂಬ ರಹಸ್ಯ ಕಾರ್ಯಾಚರಣೆಗೆ ಬೇಕಾದ ಗೂಢಲಿಪಿಯ ಸಂಪರ್ಕ ವ್ಯವಸ್ಥೆಯನ್ನು ಲಂಡನ್ನಿನಲ್ಲಿ ಕುಳಿತು ರೂಪಿಸಿದವರು ಅವರೇ. ಮರದ ಕೀಲಿಕೈ ಕೆತ್ತಿದ ಬುದ್ಧಿ ಇಲ್ಲಿ ಸಂಘಟನೆಯ ಸೇವೆಗೆ ಸಂದಿತು. ಈ ಮುಂದುವರಿಕೆ ಗೊತ್ತಾದರೆ ಅವರ ಪಲಾಯನ ಒಬ್ಬನ ಬಿಡುಗಡೆಯಾಗಿ ಕಾಣುವುದಿಲ್ಲ, ಹೋರಾಟಕ್ಕೆ ಮರಳುವ ದಾರಿಯಾಗಿ ಕಾಣುತ್ತದೆ.

ಗೆಳೆಯರೊಡನೆ ನೋಡುವಾಗ, ಚಿತ್ರ ಆರಂಭವಾಗುವ ಮೊದಲೇ ರಿವೋನಿಯಾದ ಎಂಟು ಮಂದಿ ಮತ್ತು ಎರಡು ಜೈಲುಗಳ ಸಂಗತಿಯನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡಿ. ಇದು ತಿಳಿದಿದ್ದರೆ ಗೋಲ್ಡ್‌ಬರ್ಗ್ ತೆರೆಯ ಮೇಲೆ ಬಂದಾಗಲೆಲ್ಲ ಅವರ ಏಕಾಂತ ಬೇರೆಯಾಗಿ ಕಾಣುತ್ತದೆ. ಗೋಲ್ಡ್‌ಬರ್ಗ್ ಮತ್ತು ಜೆಂಕಿನ್ ವಾದಿಸುವ ದೃಶ್ಯದಲ್ಲಿ ಚಿತ್ರವನ್ನು ನಿಲ್ಲಿಸಿ, ಉಳಿಯುವುದೋ ಓಡುವುದೋ ಎಂದು ಎಲ್ಲರ ಅಭಿಪ್ರಾಯ ಕೇಳಿ. ಜೆಂಕಿನ್ ಅವರೇ ಒಂದು ಸಣ್ಣ ದೃಶ್ಯದಲ್ಲಿ, ಕೈದಿಗಳು ಭೇಟಿಗೆ ಬಂದವರೊಡನೆ ಮಾತಾಡುವ ಕೋಣೆಯಲ್ಲಿ, ರಾಡ್‌ಕ್ಲಿಫ್ ಪಕ್ಕ ಕುಳಿತಿದ್ದಾರೆ. ಅವರನ್ನು ಗುರುತಿಸಲು ಪ್ರಯತ್ನಿಸಿ. ಮೂವರೂ ಬೀದಿಗೆ ಬಂದಾಗ ಮತ್ತೊಮ್ಮೆ ನಿಲ್ಲಿಸಿ, ಇದೇ ಜಾಗಕ್ಕೆ ಇದೇ ಹೊತ್ತಿನಲ್ಲಿ ಸಿಸುಲು ಬಂದಿದ್ದರೆ ಮೊದಲ ತಿರುವಿನವರೆಗಾದರೂ ನಡೆಯಲಾಗುತ್ತಿತ್ತೇ ಎಂಬ ಪ್ರಶ್ನೆಯನ್ನು ಗೆಳೆಯರ ಮುಂದಿಡಿ. ನಿಮ್ಮ ಮುಜುಗರವನ್ನೂ ಆಗಲೇ ಹೇಳಿ, ಚರ್ಚೆ ಅಲ್ಲಿಂದಲೇ ಶುರುವಾಗಲಿ.